ಒಂದ ಪೆಟ್ಟು

ಉದ್ಯಮಬಾಗದಾಗ ರವಿವಾರ ಅಂದ್ರ
ಲೇತುಗಳು ತಾಡಪತ್ರಿ ಹೊದ್ದು ಮಲಗಿರತಾವ,
ಫೌಂಡ್ರಿ ಕಡೆಯ ಸುಟ್ಟ ಉಸುಕಿನ ವಾಸನಿ ಒಂದ
ಸೂಟಿ ತಗೊಳ್ಳಂಗಿಲ್ಲ.
ಮೂಲಿಯೊಳಗ ಸಣ್ಣದೊಂದು ಲೇತು, ಒಂದು ಬಲ್ಬು,
ಬಲ್ಬಿನ ಕೆಳಗ ಗೈಬುಸಾಬ ಶಿಕಲಗಾರ,
ಚಾಚಾನ ಮುಂದ ಬಿಸ್ಕೀಟ ಡಬ್ಬಿಯಷ್ಟ ಬಾಯ್ಲರು.

ಬೈಲಹೊಂಗಲದ ಜಿನ್ನಿನೊಳಗ ಅವರಪ್ಪ
ಎಣ್ಣಿ ಹಾಕತಿದ್ದ ಎಂಜಿನ್ನಂತ,
ನೆನಪಿನ್ಯಾಗಿಂದ ಅಳತಿ ತಗದು
ಇಪ್ಪತ್ತರಾಗ ಒಂದಕ್ಕ ಇಳಿಸಿದ್ದ.
ಗಾಲಿ ತಿರಗತಿತ್ತು.
ನೀರು ನಿಲ್ಲವಲ್ದು.
ಪಂಪು ಒಳಗ ನೂಕಿದ್ದು ಬಂದ ದಾರಿಲೇ ವಾಪಸ್,
ಸುಯ್ಯ್ ಅಂತ.
ನನಗ ಕೇಳಸತಿತ್ತು, ಚಾಚಾಗ ಇಲ್ಲ:
ನಲವತ್ತು ವರ್ಷ ಪವರ್ ಪ್ರೆಸ್ಸಿನ ಬಾಜೂಕ ನಿಂತ ಕಿವಿ.

ನಾನು ಹೈಡ್ರಾಲಿಕ್ ಕಂಪನಿಯೊಳಗ ಇನ್ಸ್‌ಪೆಕ್ಟರು,
ಮೈಕ್ರಾನಿನ ಲೆಕ್ಕದಾಗ ಮಾತಾಡಾಕಿ,
ಉಜ್ಜಿದ್ರ ಕೂಡತೈತಿ ಅಂತ
ಲ್ಯಾಪಿಂಗ್ ಪೇಸ್ಟು ಕಟಗೊಂಡು ಹೋಗಿದ್ದೆ.
"ಉಜ್ಜಿದ್ರ ಅಗಲ ಆಗತೈತಿ, ಅಕ್ಕಾತಾಯಿ.
ಅಗಲ ಸೀಟಿನ ಮ್ಯಾಲ ಕಸಾ ಬಂದು ಕೂಡತೈತಿ.
ಸೀಟು ಅಂದ್ರ ಗೆರಿ.
ಕೂದಲಷ್ಟ, ದುಂಡಕ ಒಂದ ಗೆರಿ."

ಹಳೇದು ಬಿಚ್ಚಿ ಒಗದು
ಹೊಸಾ ಗನ್‌ಮೆಟಲ್ ತುಂಡು ಚಕ್ಕಿಗೆ ಕಟ್ಟಿದ.
ಡ್ರಿಲ್ಲು ಇಳಿಸಿ ಅಂದ:
"ಈ ತೂತು ದುಂಡಗ ಕಾಣತೈತಿ. ನಂಬಬ್ಯಾಡ.
ಮೂರು ಮೂಲಿ ಇರತಾವ."
ರೀಮರು ಕೈಲೆ ತಿರುವಿದ, ಮುಂದಕ್ಕಷ್ಟ,
ಹಿಂದಕ್ಕ ತಿರುವಿದ್ರ ಅದಕ್ಕ ಸಿಟ್ಟು ಬರತೈತಂತ.
ಮೂರೂವರೆ, ಬರೋಬರಿ.
ಆಮ್ಯಾಲ ಗೋಲಿ ಕುಣಿಯೋ ಖೋಲಿಗೆ
ತಾನ ಕಾನಸಿಲೆ ಅರ್ಧ ತಿಕ್ಕಿ ಮಾಡಿದ ಡಿ-ಬಿಟ್ಟು.
ತಳಾ ಸಪಾಟ ಬಂತು, ತೂತಿನ ಅಂಚು ಚೂಪ.
ಬೆರಳು ಹತ್ತಿರ ಒಯ್ದೆ,
ಮಣಿಕಟ್ಟಿಗೆ ಒಂದು ಹೊಡದ.

ಐದು ಎಂಎಂ ಬೇರಿಂಗ್ ಗೋಲಿ ಅಂಚಿನ ಮ್ಯಾಲ ಕುಂದರಿಸಿ,
ಅದರ ಮ್ಯಾಲ ಹಿತ್ತಾಳಿ ಕಡ್ಡಿ ಇಟ್ಟು,
ಹಾತೋಡಿ ಎತ್ತಿ
ಹಂಗ ನಿಂತ.
ಖಾನಾಪುರ ರೋಡಿನ ಮ್ಯಾಲ ಕಬ್ಬಿನ ಟ್ರಾಕ್ಟರೊಂದು
ಹಾಡು ಹಚಗೊಂಡು ಬಂದು, ದಾಟಿ, ಸಣ್ಣಾಗಿ, ಹೋತು.
ನೆಲಾ ನಡಗೋದು ನಿಂತ ಮ್ಯಾಲ

ಟಕ್.

ಇನ್ನೊಂದು ಹಾಕೋಣೇನ, ಅಂದೆ.
"ಎರಡನೇದು ಅಂಜಿಕಿ ಪೆಟ್ಟು.
ಅದು ಜಾಗಾ ಬಿಟ್ಟು ಬೀಳತೈತಿ."

ಮ್ಯಾಗ್ನೆಟ್ಟಿಲೆ ಗೋಲಿ ಎತ್ತಿ ಭಂಗಾರಿ ಡಬ್ಬಿಗೆ ಒಗದ.
ಕಾಗದ ಬಿಚ್ಚಿ ಹೊಸಾದೊಂದು ತಗದ, ಸ್ಟೇನ್‌ಲೆಸ್ಸಿಂದು.
ಸೀಟು ಮಾಡಿದ ಗೋಲಿಗೆ ಸೀಟಿಲ್ಲೇನ ಚಾಚಾ?
ನಮ್ಮ ಕಂಪನಿಯ ಪ್ರಮೋಶನ್ ಯಾದಿ ಹಚ್ಚಿ
ಆವಾಗಿನ್ನೂ ಮೂರ ದಿನಾ.
ನನ್ನ ತುಟಿ ನೋಡಿ ಓದಿದ, ಮಾರಿ ನೋಡಿ ಅಂದ:
"ಅರ್ಥಾ ಹಚ್ಚಬ್ಯಾಡವಾ.
ಪೆಟ್ಟು ತಿಂದ ಗೋಲಿ ದುಂಡ ಉಳಿಯಂಗಿಲ್ಲ. ಅಷ್ಟ."

ಅಷ್ಟ ಅಂತ ನಾನೂ ಬಿಟ್ಟೆ.
ಸಂಜಿಮುಂದ, ಚಾಚಾ ಚಾ ತರಾಕ ಹೋದಾಗ
ಡಬ್ಬಿಯೊಳಗ ಕೈ ಹಾಕಿ ಹುಡುಕಿದೆ.
ಅದರಂಥಾವು ಅಲ್ಲಿ ಹನ್ನೊಂದು ಇದ್ವು.
ಬೆಳಕಿಗೆ ಹಿಡದು ಹೊಳ್ಳಿಸಿ ಹೊಳ್ಳಿಸಿ ನೋಡಿದೆ,
ಯಾವದರ ಗಾಯಾನೂ ನನ್ನ ಕಣ್ಣಿಗೆ ಬೀಳಲಿಲ್ಲ.

ಅದಕ್ಕೂ ಮೊದಲ ಆದದ್ದು ಹೇಳಬೇಕು.
ನಾ ಗೇಜಿನ ಪೆಟ್ಟಿಗಿ ತಗದೆ.
ಚಾಚಾ ಬಾಯಿ ಮುಕ್ಕಳಿಸಿ ಬಂದ.
ಹೊಸಾ ಗೋಲಿಗೆ ಒಂದ ಹನಿ ಎಣ್ಣಿ,
ತೂತಿನ ಕೆಳಗಿನ ಬಾಯಿಗೆ ನಾಲಿಗಿ ಹಚ್ಚಿ
ಒಳಗಿನ ಗಾಳಿ ಹೀರಿ
ಕೈ ಬಿಟ್ಟ.

ಎಪ್ಪತ್ತೆರಡರ ಮುದುಕನ ನಾಲಿಗಿಗೆ
ಗನ್‌ಮೆಟಲ್ ವಾಲ್ವು ಜೋತು ಬಿದ್ದಿತ್ತು,
ಗೋಲಿ ತಲಿಕೆಳಗ,
ಹಿಡಿಯೋದು ಯಾರೂ ಇಲ್ಲ, ಒಂದು ಗೆರಿ ಬಿಟ್ಟು.
ಹತ್ತು. ಇಪ್ಪತ್ತು. ಮೂವತ್ತಕ್ಕೂ ಅಲುಗವಲ್ದು.
ನಗು ತಡಿಲಾರದ ನಾ ಲೆಕ್ಕಾ ತಪ್ಪಿದೆ.
ಚಾಚಾಗ ನಗಾಕ ಬರಂಗಿಲ್ಲ, ಬೈಯಾಕೂ ಬರಂಗಿಲ್ಲ,
ಎರಡೂ ಕೈ ಗಾಳಿಯೊಳಗ ಎತ್ತಿ
ಕಣ್ಣು ಅರಳಿಸಿ
ಬೆರಳಿಲೆ ಸನ್ನಿ ಮಾಡಿದ:
ಎಣಿಸು, ಎಣಿಸು.