ಮೂವತ್ತೊಂಬತ್ತು ಡಿಗ್ರಿ

ನನ್ನ ಕೆಲಸ ಫ್ಯಾನು.
ಅಲ್ ಖರ್ಜಿನ ಈ ಡೇರಿಯಲ್ಲಿ ಕೊಟ್ಟಿಗೆಯೊಂದಕ್ಕೆ ನೂರಿಪ್ಪತ್ತು,
ನೀರಿನ ಮಂಜು ಉಗುಳುವ ಆಳೆತ್ತರದ ಫ್ಯಾನು.
ಬೇರಿಂಗು ಕಿರುಗುಟ್ಟಿದರೆ ಗ್ರೀಸು, ಬೆಲ್ಟು ಹರಿದರೆ ಬೆಲ್ಟು.
ಒಂಬತ್ತು ವರ್ಷ ಏಣಿಯ ಮೇಲಿಂದ ಕಂಡದ್ದು
ಬರೀ ಬೆನ್ನುಗಳು.

ಹೋದ ಆಗಸ್ಟಿನಲ್ಲಿ ಕರುಗಳ ಸಾಲಿನ ಟೇಕ್ ಬಹಾದುರ
ಜ್ವರ ಬಂದು ಮಲಗಿದ.
ಫೋರ್‌ಮನ್ ಹನಫಿ ನನ್ನ ಕೈಗೊಂದು ಬಾಟಲಿ ಕೊಟ್ಟು,
"ದಾವಲ್, ಹಿಂದಿಗಳಿಗೆ ಹಸು ಗೊತ್ತಲ್ಲ?" ಅಂದ.
ಗೊತ್ತಿಲ್ಲ ಅನ್ನಲು ಬಾಯಿ ಬರಲಿಲ್ಲ.
ಗದಗಿನ ಸ್ಟೇಷನ್ ರೋಡಿನ ಪಂಕ್ಚರ್ ಅಂಗಡಿಯವರ ಮಗ ನಾನು;
ಹಸುವೆಂದರೆ ರಸ್ತೆಗಡ್ಡ ಮಲಗಿದ್ದು,
ಹಾರ್ನಿಗೂ ಏಳದ್ದು.

ರಾತ್ರಿ ಎರಡಕ್ಕೆ ಹುಟ್ಟಿದ್ದು, ಹೆಣ್ಣು.
ಮೈಯೆಲ್ಲ ಲೋಳೆ, ಗೊರಸು ನೆನೆದ ಸಾಬೂನಿನ ಹಾಗೆ ಮೆತ್ತಗೆ,
ಹೊಕ್ಕುಳಿಗೆ ಅಯೋಡಿನ್ನಿನ ಕಂದು.
ತಾಯಿಯನ್ನು ಆಗಲೇ ಹಾಲು ಕರೆಯುವ ಯಂತ್ರಕ್ಕೆ ಒಯ್ದಿದ್ದರು.
ಟವೆಲ್ಲಿನಿಂದ ಉಜ್ಜು ಅಂದರು, ಉಜ್ಜಿದೆ.
ನಾಲಿಗೆ ಮಾಡಬೇಕಾದ್ದನ್ನು ಟವೆಲ್ಲು ಎಷ್ಟು ಮಾಡೀತು.

ಬಾಟಲಿಯೊಳಗೆ ಹಳದಿ, ಮಂದ.
ಮೂಗಿಗೆ ಹಿಡಿದೆ. ಗಿಣ್ಣದ ಹಾಲು!
ನನಗೆ ಗಿಣ್ಣವೆಂದರೆ ಬೆಲ್ಲ, ಏಲಕ್ಕಿ,
ಹಿಂದಿನ ಓಣಿಯ ಶಾಂತವ್ವ ಸ್ಟೀಲಿನ ಡಬ್ಬಿಯಲ್ಲಿ ಕಳಿಸಿದ್ದು,
ತಂಗಿಯೊಡನೆ ಜಗಳಾಡಿ ತಳ ಕೆರೆದದ್ದು.
ಅದು ಯಾರ ಪಾಲೆಂದು
ನಲವತ್ತೊಂದು ವರ್ಷ ಯಾರೂ ಹೇಳಿರಲಿಲ್ಲ.
ನಾನೂ ಕೇಳಿರಲಿಲ್ಲ.

ರಬ್ಬರಿನ ತೊಟ್ಟು ಬಾಯಿಗಿಟ್ಟರೆ ತುಟಿ ಬಿಗಿಹಿಡಿಯಿತು.
ಗಂಟಲಿಗೆ ಕೊಳವೆ ಇಳಿಸಿಬಿಡೋಣ ಅಂದ ಹನಫಿ, ಗಡಿಯಾರ ನೋಡುತ್ತ.
ಹೊರಗೆ ಹೋಗಿ ಮನೆಗೆ ಫೋನು ಮಾಡಿದೆ, ಅಲ್ಲಿ ಐದೂವರೆ.
ಮಾಬೂಬಿ ನಿದ್ದೆಗಣ್ಣಲ್ಲೇ ನಕ್ಕಳು:
"ನಮ್ಮ ಎರಡಕ್ಕೂ ಒಂದ್ ದಿನ ಬಾಟ್ಲಿ ಹಿಡೀಲಿಲ್ಲ, ಈಗರ ಕಲೀರಿ.
ಮೊದಲ ಬೆರಳ ಚೀಪಸ್ರಿ.
ಆಮ್ಯಾಲ ಸುಳ್ಳ ಹೇಳ್ರಿ."

ಮೂರು ಸಲ ತೊಳೆದರೂ ಗ್ರೀಸಿನ ಕಪ್ಪು ಬಿಡದ ಬೆರಳು.
ಇಟ್ಟೆ.
ಅಬ್ಬಾ, ಆ ಬಿಸಿ! ನಾಲಿಗೆಯೋ,
ಅಪ್ಪ ಟ್ಯೂಬು ಉಜ್ಜುತ್ತಿದ್ದ ಪಾಲಿಶ್ ಪೇಪರು.
ಎಳೆಯಿತು ಒಳಗೊಳಗೇ, ಪೂರ್ತಿ ನಂಬಿ.
ಬೆರಳ ಮಗ್ಗುಲಲ್ಲೇ ರಬ್ಬರು ನುಸುಳಿಸಿ
ಬೆರಳು ಕದ್ದುಕೊಂಡೆ.

ಬಾಟಲಿಯಲ್ಲೊಂದು ಗುಳ್ಳೆ ಎದ್ದಿತು. ಇನ್ನೊಂದು.
ಬಕೆಟ್ಟಿನ ನೀರಿನಲ್ಲಿ ಟ್ಯೂಬು ಮುಳುಗಿಸಿ, ತಿರುಗಿಸಿ, ತಿರುಗಿಸಿ,
ಗುಳ್ಳೆ ಕಂಡೊಡನೆ ಅಪ್ಪ ಅನ್ನುತ್ತಿದ್ದುದು ಒಂದೇ ಮಾತು.
ಸಿಕ್ತು, ಅಂದೆ ನಾನೂ,
ಆ ಮರಳುಗಾಡಿನ ಮೂರು ಗಂಟೆಯಲ್ಲಿ.

ಕುಡಿಯುತ್ತ ಗುದ್ದಿತು ನನ್ನ ಹೊಟ್ಟೆಗೆ.
ತಾಯಿ ಸೊರೆ ಬಿಡಲೆಂದು ಹಾಗೆ ಗುದ್ದುವುದಂತೆ.
ಗುದ್ದಿಸಿಕೊಂಡು ನಿಂತೆ.

ಹಾಲು ಮೂವತ್ತೊಂಬತ್ತು ಡಿಗ್ರಿ ಇರಬೇಕು, ಬರೆದು ಅಂಟಿಸಿದ್ದರು.
ಹೊರಗೆ ನಲವತ್ತಾರು. ಈ ನಾಡಿನಲ್ಲಿ ಬಿಸಿಗೇನು ಬರ ಎಂದು
ಮೂರನೆಯ ದಿನ ಅಳೆಯದೆ ಕುಡಿಸಿದೆ.
ನಾಲ್ಕಕ್ಕೆ ನೀರು ನೀರಾಗಿ ಹೇತು ಕಾಲು ಮಡಚಿತು.
ಕಣ್ಣು ಒಳಗೆ ಹೋದವು.
ಇಡೀ ರಾತ್ರಿ ಉಪ್ಪು ಸಕ್ಕರೆ ನೀರು, ಗುಟುಕು ಗುಟುಕು,
ಥರ್ಮಾಮೀಟರು ಕೈಯಲ್ಲೇ, ತಸ್ಬಿ ಹಿಡಿದ ಹಾಗೆ.
ಬೆಳಗಿನ ಅಜಾನಿಗೆ ಕಿವಿ ಆಡಿಸಿತು.

ಹೆಸರು ಮಾತ್ರ ಇಡಬೇಡ ಅಂದಿದ್ದ ಟೇಕ್ ಬಹಾದುರ, ಕಂಬಳಿಯೊಳಗಿಂದ.
ಇಡಲಿಲ್ಲ. ಕಿವಿಯಲ್ಲಿ ಹಳದಿ ಬಿಲ್ಲೆ, ಏಳು ಏಳು ಒಂದು ಆರು.
ಕರೆಯುವಾಗ ಮಾತ್ರ ಬಾಯಿಂದ ಒಂದು ಸದ್ದು ಬರುತ್ತಿತ್ತು.
ಅದು ಹೆಸರಲ್ಲ.

ಮೂರು ವಾರಕ್ಕೆ ಅವನು ಎದ್ದ, ನಾನು ಏಣಿ ಹತ್ತಿದೆ.
ಈಗ ಎಲ್ಲ ಬೆನ್ನುಗಳೂ ಒಂದೇ ಅಲ್ಲ,
ಯಾವುದು ಅಂತಲೂ ಗೊತ್ತಾಗುವುದಿಲ್ಲ.

ನಿನ್ನೆ ಮಾಬೂಬಿಯ ಫೋನು:
ಶಾಂತವ್ವನ ಸೊಸೆಯ ಎಮ್ಮೆ ಈದದ,
ಡಬ್ಬಿ ತುಂಬ ಗಿಣ್ಣ ಬಂದದ, ಹುಡುಗರು ಬಡಿದಾಡಿ ತಿನ್ನಾಕತ್ತಾರ.
"ಕರು ಕುಡೀತಂತ?" ಅಂದೆ.
ಆ ಕಡೆ ಚಮಚದ ಸದ್ದು ನಿಂತಿತು.