ಲಂಗರು ಹಾಕಿದ ತುರಿಕೆ

ದೇವರ ಹೆಸರಿಟ್ಟುಕೊಂಡ ರೋಗ ಇದು, ಗಜಕರ್ಣ.
ಗಣಪನ ಹನ್ನೆರಡು ಹೆಸರಲ್ಲಿ ಒಂದಂತೆ.
ಹತ್ತಿದ್ದು ಮಾತ್ರ ದೇವರೆದುರು ಹೇಳಲಾಗದ ಜಾಗದಲ್ಲಿ:
ಉಡಿದಾರದ ಕೆಳಗೆ, ತೊಡೆಯ ಸಂದಿನಲ್ಲಿ,
ಮೊದಲು ನಾಲ್ಕಾಣೆಯಷ್ಟು,
ಆಮೇಲೆ ಎಂಟಾಣೆ,
ಆಮೇಲೆ ಲೆಕ್ಕ ಬಿಟ್ಟೆ.

ಆಗ ನಾನು ಬೇಲೇಕೇರಿಯ ಬಾರ್ಜಿನಲ್ಲಿ ಖಲಾಸಿ.
ಅದಿರು ತುಂಬಿ ಆಳಕ್ಕೆ ಹೋಗಿ
ಚೀನಾ ಹಡಗಿನ ಪಕ್ಕೆಗೆ ಒರಗಿ ನಿಲ್ಲುವುದು.
ಮೈಮೇಲೆ ಕೆಂಪು ಧೂಳು, ಅದರ ಮೇಲೆ ಉಪ್ಪುನೀರು,
ಎಲ್ಲದರ ಮೇಲೆ ಎಂದೂ ಒಣಗದ ಚಡ್ಡಿ.

ಅಂಕೋಲೆಯ ಮೆಡಿಕಲ್ಲಿನ ಹುಡುಗ
ಮುಖ ನೋಡಿಯೇ ಟ್ಯೂಬು ಕೊಟ್ಟ.
ನಾನು ಜಾಗ ಹೇಳಲಿಲ್ಲ, ಅವನು ಕೇಳಲಿಲ್ಲ.
ಹಚ್ಚಿದಷ್ಟು ದಿನ ಸ್ವರ್ಗ.
ಬಿಟ್ಟ ನಾಲ್ಕನೇ ದಿನ ಉಂಗುರದೊಳಗೆ ಉಂಗುರ,
ಕೆರೆಗೆ ಕಲ್ಲು ಬಿದ್ದ ಹಾಗೆ.
ಗುಲಾಬಿ ಚಾಪೆ ಬೇರೆ ಹಾಸಿದಳು.

ಆ ಹಡಗಿನ ಅಡಿಗೆಯವನು ಕಟಾಂಜನಕ್ಕೆ ಆತು
ಸಿಗರೇಟು ಸೇದುತ್ತಿದ್ದ.
ನಾನು ಹಗ್ಗದ ಗಂಟಿಗೆ ತೊಡೆ ತಿಕ್ಕುವುದನ್ನು ಕಂಡ.
ನಗಲಿಲ್ಲ. ಇವತ್ತಿಗೂ ನನಗೆ ಅದೇ ಆಶ್ಚರ್ಯ.
ಪ್ಯಾಂಟು ಮಡಚಿ ತನ್ನ ಮೀನಖಂಡ ತೋರಿಸಿದ:
ಅಲ್ಲೊಂದು ಹಳೆಯ ಉಂಗುರದ ಕಪ್ಪು,
ಗ್ರಹಣ ಬಿಟ್ಟರೂ ನೆರಳು ಬಿಡದ ಹಾಗೆ.

ಬಕೆಟ್ಟಿಗೆ ಹಗ್ಗ ಕಟ್ಟಿ ಬಾಟಲಿ ಇಳಿಸಿದ.
ಹೊರಗೆ ಸಾಸಿನ ಚೀಟಿ, ಒಳಗೆ ಯಾವುದೋ ಮರದ ತೊಗಟೆ,
ತೊಗಟೆ ಮುಳುಗುವಷ್ಟು ಹುಳಿ, ಮೂಗು ಮುರಿಯುವ ಹುಳಿ.
ಮೂರು ಬೆರಳೆತ್ತಿದ: ದಿನಕ್ಕೆ ಮೂರು ಸಲ.
ಬಾಯಿಗೆ ಅಂಗೈ ಅಡ್ಡ ಹಿಡಿದ: ಕುಡಿಯಬೇಡ.
ಆಮೇಲೆ ತೊಡೆಗೆ ಗಾಳಿ ಬೀಸಿಕೊಂಡು
ಅಯ್ಯೋ ಅನ್ನುವ ಮುಖ ಮಾಡಿದ.
ಅದು ಅರ್ಥವಾದದ್ದು ರಾತ್ರಿ ಬಚ್ಚಲಲ್ಲಿ,
ಒಂಟಿಕಾಲಲ್ಲಿ ಕುಣಿಯುವಾಗ.

ಋಣ ಇಟ್ಟುಕೊಳ್ಳುವುದು ನನಗಾಗದು.
ಹಾಲಕ್ಕಿ ಕೊಪ್ಪದ ಬೊಮ್ಮಜ್ಜಿಯ ಬಳಿ ಹೋದೆ.
ಬೇಲಿಯತ್ತ ಗದ್ದ ಎತ್ತಿದಳು:
ಹಳದಿ ಮೇಣಬತ್ತಿ ಹೊತ್ತಿಸಿಟ್ಟಂತೆ ಹೂ, ಸೀಮೆ ಅಗಸೆ.
"ಬೆಳಗಾಗೂಕೆ ಮುಂಚೆ ಕೊಯ್ಯಬೇಕು,
ಲಿಂಬೆಹುಳೀಲಿ ಅರೀಬೇಕು, ಮೀನು ಮುಟ್ಟೂಕಿಲ್ಲ."
ಹರಿಕಂತ್ರನಿಗೆ ಹೇಳುವ ಪಥ್ಯವೇ ಇದು!

ನನಗಷ್ಟು ಇಟ್ಟುಕೊಂಡು ಉಳಿದ ಎಲೆಯ ಕಟ್ಟು
ಮರುಪಾಳಿಯಲ್ಲಿ ಅದೇ ಬಕೆಟ್ಟಿನಲ್ಲಿ ಮೇಲೇರಿತು.
ಒಂದೆಲೆ ಹಿಸುಕಿದ, ಮೂಸಿದ,
ಪರವೂರಿನ ಸಂತೆಯಲ್ಲಿ ನೆರೆಮನೆಯವರನ್ನು ಕಂಡವನಂತೆ
ಏನೋ ಒಂದು ಹೆಸರು ಹಿಡಿದು ಕೂಗಿದ.
ನಾನೂ ಕೂಗಿದೆ: ಸೀಮೆ ಅಗಸೆ!
ಮತ್ತೆ ಅವನು, ಅವನದು. ಮತ್ತೆ ನಾನು, ನನ್ನದು.
"ಯಾವ ಮೀನು ಹರಾಜೋ ಅದು?"
ಸುಪರ್ವೈಜರ ಗಾಂವಕರ ಬೈದ.

ಎಷ್ಟೋ ದಿನದ ಮೇಲೆ ಹೊಳೆಯಿತು.
ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ.
ನಮ್ಮದೆಂದು ಮೆರೆದು ಏರಿಸಿದ ಎಲೆಯೂ
ಯಾವ ಕಾಲದಲ್ಲೋ ಯಾವುದೋ ಹಡಗಿಳಿದು ಬಂದದ್ದೇ.

ವಾಸಿಯಾಯಿತು. ಯಾವುದರಿಂದ ಅಂತ ಕೇಳಬೇಡಿ.
ಕಾರವಾರದ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ
ಹೊಟ್ಟು ಕೆರೆದು ಗಾಜಿನ ಮೇಲೆ ನೋಡಿ
"ಅಣಬೆ ಜಾತಿಯದು" ಅಂದಳು,
ಟ್ಯೂಬನ್ನು ಕಸಕ್ಕೆ ಎಸೆದಳು,
ಆರು ವಾರದ ಗುಳಿಗೆ ಬರೆದಳು.
ಬಾಟಲಿ ಮೂಸಿ, "ಇದರಲ್ಲಿ ಸುಟ್ಟುಕೊಂಡಿಲ್ಲ ತಾನೆ?" ಎಂದವಳು
ಮುಚ್ಚಳ ಹಾಕುವ ಮುನ್ನ ಇನ್ನೊಮ್ಮೆ ಮೂಸಿದಳು.
ತೊಗಟೆ ಇತ್ತು, ಎಲೆ ಇತ್ತು, ಗುಳಿಗೆ ಇತ್ತು.
ಮೀನು ಬಿಟ್ಟದ್ದು ಎರಡೇ ದಿನ.
ಗುಲಾಬಿ ಮಾತಿಲ್ಲದೆ ನನ್ನ ಬಟ್ಟೆ ಕುದಿಸಿದ್ದೂ ಇತ್ತು,
ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಆಮೇಲೆ ಅದಿರು ನಿಂತಿತು. ಬಾರ್ಜಿಗೆ ಗಜಕರ್ಣ ಹತ್ತಿತು,
ಉಂಗುರ ಉಂಗುರವಾಗಿ ತುಕ್ಕು.
ಈಗ ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ ರಾತ್ರಿ ಕಾವಲು.
ತೊಡೆಯಲ್ಲೊಂದು ಕಪ್ಪು ವೃತ್ತ ಉಳಿದಿದೆ, ತುರಿಕೆಯಿಲ್ಲ;
ಆದರೂ ನಿದ್ದೆಗಣ್ಣಲ್ಲಿ ಕೈ ಅತ್ತ ಹೋಗುತ್ತದೆ.

ಆ ಬಾಟಲಿಯಲ್ಲಿ ಗುಲಾಬಿ ಬಿರಿಂಡೆ ಹುಳಿ ತುಂಬಿಟ್ಟಿದ್ದಾಳೆ.
ಚೀಟಿ ಅರ್ಧ ಹರಿದಿದೆ. ಆ ಅಕ್ಷರ ನನಗೆ ಬರುವುದಿಲ್ಲ.
ಬಂದರೂ ಅವನ ಹೆಸರು ಅಲ್ಲಿರಲಿಕ್ಕಿಲ್ಲ,
ಇದ್ದರೆ ಸಾಸಿನ ಕಂಪನಿಯದು.