ಹನ್ನೆರಡನೆಯದು

ಅಪ್ಪ ಸೆಕೊಂದೊ ಇಟ್ಟದ್ದು ಹನ್ನೆರಡು.
ಒಂದೇ ವರ್ಷದ, ಒಂದೇ ಇಳಿಜಾರಿನ ನೆಬ್ಬಿಯೋಲೊ.
ಸೆರ್ರಲುಂಗದ ನಮ್ಮ ನೆಲಮಾಳಿಗೆಯಲ್ಲಿ
ಆಲೂಗಡ್ಡೆ ಮೂಟೆಯ ಆಚೆ, ಮರಳಿನ ಮೇಲೆ
ಅಡ್ಡ ಮಲಗಿಸಿ.
ಪಕ್ಕದಲ್ಲೊಂದು ಲೆಕ್ಕದ ಪುಸ್ತಕ,
ದಾರಕ್ಕೆ ಕಟ್ಟಿದ ಪೆನ್ಸಿಲು.

ಮೊದಲನೆಯದನ್ನು ಏಳನೇ ವರ್ಷ ತೆರೆದ.
ಬರೆದದ್ದು ಇಷ್ಟೇ: ಬೇಲಿಗೂಟ ನೆಕ್ಕಿದ ಹಾಗೆ.
ಎರಡನೆಯದು, ಹತ್ತನೇ ವರ್ಷ: ಇನ್ನೂ ಇಲ್ಲ.
ಮೂರನೆಯದಕ್ಕೆ ಪಾದ್ರಿಯನ್ನು ಕರೆದಿದ್ದ.
ಅವರು ಎರಡು ಲೋಟ ಕುಡಿದು ಬಹಳ ಚೆನ್ನಾಗಿದೆ ಎಂದರು.
ಪುಸ್ತಕದಲ್ಲಿದೆ: ಪಾದ್ರಿಗೆ ತಿಳಿಯದು.

ಅನ್ನವಾದರೆ ಸುಲಭ. ವೆರ್ಚೆಲ್ಲಿಯ ಗದ್ದೆ ಕಡೆಯ ನಮ್ಮತ್ತೆ
ಒಂದಗುಳು ಹಿಸುಕಿ ಹಂಡೆಯ ಹದ ಹೇಳುತ್ತಿದ್ದಳು.
ಇಲ್ಲಿ ಅಗುಳೆಂದರೆ ಇಡೀ ಬಾಟಲಿ.
ಕೇಳಿದರೆ ಖಾಲಿ,
ಕೇಳದಿದ್ದರೆ ಗೊತ್ತಾಗದು.
ಕೇಳಿ ತಿಳಿದದ್ದು ಪಕ್ಕದ್ದಕ್ಕೆ ಒಪ್ಪಬೇಕೆಂದೂ ಇಲ್ಲ.
ಒಂದೇ ಬಸಿರಿನವು,
ಬಿರಡೆ ಬೇರೆ ಬೇರೆ.

ನಾಲ್ಕು, ಐದು, ಆರು ಅಪ್ಪನ ಕಾಲಕ್ಕೇ ಮುಗಿದವು.
ಆಮೇಲೆ ಪೆನ್ಸಿಲು ಅಣ್ಣ ದೆಫೆಂದೆಂತೆಯ ಕೈಗೆ.
ಅವನದು ಶಿಸ್ತು. ಎರಡು ದಿನ ಮೊದಲೇ ನಿಲ್ಲಿಸಬೇಕು, ಮಡ್ಡಿ ಇಳಿಯಲಿ.
ಬಗ್ಗಿಸುವಾಗ ಕತ್ತಿನ ಹಿಂದೆ ಮೇಣದಬತ್ತಿ.
ಬಿಳಿ ಬಟ್ಟೆಯ ಮೇಲೆ ಲೋಟ ಓರೆ ಮಾಡಿ ಅಂಚು ನೋಡುವುದು:
ಕೆಂಪು ಇಟ್ಟಿಗೆಯಾಗಬೇಕು,
ಇಟ್ಟಿಗೆ ಚಹಾ ಆಗಬಾರದು.
'ಬರೀ ಡಾಂಬರಿನ ವಾಸನೆ ಬಂದರೆ ಅದಿನ್ನೂ ಕಾಯಿ, ತೆರ್ಸಿಲ್ಲ.
ಡಾಂಬರಿನ ಹಿಂದೆ ಒಣಗಿದ ಗುಲಾಬಿ ಬಂದರೆ...'
ಅಲ್ಲಿಗೇ ನಿಲ್ಲಿಸುತ್ತಿದ್ದ.
ಬಂದಿರಲಿಲ್ಲ ಅದು ಅವನಿಗೂ.

ಏಳು: ಬಾಗಿಲು ಹಾಕಿಕೊಂಡು ಕೂತಿದೆ.
ಎಂಟು: ಒಳಗೆ ಯಾರೋ ಓಡಾಡುವ ಸದ್ದು.
ಒಂಬತ್ತು: ಬಿರಡೆ ಕೆಟ್ಟಿದೆ. ಒದ್ದೆ ರಟ್ಟು. ಚರಂಡಿಗೆ.

ಹತ್ತನೆಯದನ್ನು ತೆರೆದದ್ದು ಇಪ್ಪತ್ತೊಂಬತ್ತನೇ ವರ್ಷದ ನವೆಂಬರಿನಲ್ಲಿ.
ಕಣಿವೆ ತುಂಬ ಮಂಜು, ನನಗೆ ಕೆಟ್ಟ ನೆಗಡಿ.
ಅಣ್ಣ ಬಗ್ಗಿಸಿದ. ಮೂಸಿದ. ಗುಟುಕರಿಸಿದ.
ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ.
ನನ್ನ ನಾಲಿಗೆಗೆ ಸಿಕ್ಕಿದ್ದು ಒಂದಿಷ್ಟು ಒಗರು, ತುಸು ಹುಳಿ.
ಕೆಮ್ಮಿನ ಕಷಾಯ ಎಂದೆ.
ಅವನು ನಗಲಿಲ್ಲ.
ಹೇಗಿದೆ ಹೇಳೋ ಎಂದೆ.
ತನ್ನ ಲೋಟ ನನ್ನ ಕಡೆ ತಳ್ಳಿ
ಏನು ನೆನಪಾಯಿತೋ, ಮತ್ತೆ ಎಳೆದುಕೊಂಡ.
ಪುಸ್ತಕದಲ್ಲಿ ಆ ದಿನದ ತಾರೀಖಿದೆ,
ಮುಂದೆ ಒಂದು ಚುಕ್ಕೆ.

ನೆಗಡಿ ಇಳಿದ ವಾರವೇ ಹಟ ಹಿಡಿದು
ಹನ್ನೊಂದನ್ನು ತೆಗೆಸಿದೆ.
ಅದೇ ಮಂಜು, ಅದೇ ಮೇಜು, ಮೂಗು ಮಾತ್ರ ಹೊಸದು.
ತರಗೆಲೆ, ಹಳೇ ಚರ್ಮ, ತಣಿದ ಚಹಾ.
'ಇದು ಅದಲ್ಲ,' ಎಂದ ಅಣ್ಣ, ಮೆತ್ತಗೆ,
ನನ್ನ ಪರವಾಗಿ ತಾನು ತಪ್ಪು ಮಾಡಿದವನಂತೆ.

ಆಮೇಲೆ ಹದಿಮೂರು ವರ್ಷ
ಉಳಿದದ್ದರ ಸುದ್ದಿ ನಾವಿಬ್ಬರೂ ಎತ್ತಲಿಲ್ಲ.
ಆಲ್ಬದ ವ್ಯಾಪಾರಿಯೊಬ್ಬ ಬಂದು ಬೆಲೆ ಹೇಳಿದ,
ಕುಡಿಯಲು ಆಗಿದೆಯೇ ಎಂದ.
ಹತ್ತನೆಯದು ಆಗಿತ್ತು ಎಂದೆ.
ತಲೆ ಕೆರೆದುಕೊಂಡು ಕಾರು ಹತ್ತಿದ.

ಮತ್ತೆ ಮಾಗಿ ಬಂದಿದೆ.
ಮಾಗಿದೆಯೋ, ಮಾಗಿ ಕಳೆದು ಹೋಗಿದೆಯೋ
ಗಾಜಿನ ಒಳಗಿನದು ಗಾಜಿಗೂ ಗೊತ್ತಿಲ್ಲ.

ಇವತ್ತು ಆಲೂಗಡ್ಡೆಗೆಂದು ಕೆಳಗಿಳಿದೆ.
ಮರಳಿನಲ್ಲಿ ಉದ್ದಕ್ಕೊಂದು ಗುರುತು, ಖಾಲಿ.
ಹನ್ನೆರಡನೆಯದು ಗೋಡೆಗೆ ಒರಗಿ
ನೆಟ್ಟಗೆ ನಿಂತಿದೆ.
ನಿಲ್ಲಿಸಿದ್ದು ನಾನಲ್ಲ.

ಮೆಟ್ಟಿಲು ಹತ್ತಿ ಬಂದು ಕಿಟಕಿ ತೆರೆದು
ಒಂದೊಂದೇ ಹೊಳ್ಳೆ ಮುಚ್ಚಿ ನೋಡಿಕೊಂಡೆ.
ಪಕ್ಕದ ಮನೆಯಲ್ಲಿ ಹ್ಯಾಝೆಲ್ ಕಾಯಿ ಹುರಿಯುತ್ತಿದ್ದಾರೆ,
ಸ್ವಲ್ಪ ಸೀದಿದೆ.